ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು: ಇದಕ್ಕೆಲ್ಲ ಅನುಮತಿ ಕೊಡುವವರು ಯಾರು?

ಬಸವನಗುಡಿ ನಿವಾಸಿ

ಎಲ್ಲರಿಗೂ ನಮಸ್ಕಾರ. ವಿಮಾನಯಾನದ ವ್ಯವಹಾರ ಬಲ್ಲವರು ಇಲ್ಲಿ ಹಲವರಿದ್ದೀರೆಂಬ ಧೈರ್ಯದಿಂದ ಕೇಳುತ್ತಿದ್ದೇನೆ.

ಕಳೆದ ತಿಂಗಳು ನಮ್ಮ ತಾಯಿಯವರನ್ನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿರುವ ತಂಗಿಯ ಮನೆಗೆ ಕಳುಹಿಸಿಕೊಟ್ಟೆ. ಅವರಿಗೆ ಎಪ್ಪತ್ತೊಂದು ವರ್ಷ. ಮಂಡಿನೋವಿನಿಂದಾಗಿ ವೀಲ್‌ಚೇರ್ ಬೇಕಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ನಮ್ಮವರೇ ಆದರೆ ಮಾತಿಗೆ ಅನುಕೂಲವೆಂದು ಭಾರತೀಯ ವಿಮಾನ ಸಂಸ್ಥೆಯೊಂದರ ಜಾಲತಾಣದಲ್ಲಿ, ಆ ಸಂಸ್ಥೆಯದೇ ಸಂಖ್ಯೆಯಿರುವ ಟಿಕೆಟ್ ಕೊಂಡಿದ್ದೆ. ದೇವನಹಳ್ಳಿಯ ಎರಡನೆಯ ಟರ್ಮಿನಲ್ ತಲುಪಿ, ಆ ಸಂಸ್ಥೆಯ ಸಾಲಿನಲ್ಲಿ ನಲವತ್ತು ನಿಮಿಷ ನಿಂತ ಮೇಲೆ, ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ಟಿನ ಸಣ್ಣಕ್ಷರದ ಸಾಲೊಂದರ ಮೇಲೆ ಬೆರಳಿಟ್ಟು, “ಸಾರ್, ಇದು ನಮ್ಮ ಫ್ಲೈಟ್ ಅಲ್ಲ, ಆ ಕಡೆ ಕೌಂಟರಿಗೆ ಹೋಗಿ” ಎಂದರು. ತಲೆಯೆತ್ತಿ ಫಲಕ ನೋಡಿದರೆ, ಅದೇ ಸಮಯ, ಅದೇ ಗೇಟಿನ ಮುಂದೆ ನಾಲ್ಕು ಬೇರೆ ಬೇರೆ ಸಂಖ್ಯೆಗಳು ಒಂದಾದ ಮೇಲೊಂದು ಮೂಡಿ ಮರೆಯಾಗುತ್ತಿದ್ದವು. ನಮ್ಮದು ಮೂರನೆಯದು.

ವಿಮಾನ ಹಾರಿಸುವ ಯುರೋಪಿನ ಸಂಸ್ಥೆಯವರ ಬಳಿ ವೀಲ್‌ಚೇರಿನ ಕೋರಿಕೆಯೂ ಇರಲಿಲ್ಲ, ಊಟದ ಕೋರಿಕೆಯೂ ಇರಲಿಲ್ಲ. ವೀಲ್‌ಚೇರ್ ಹೇಗೋ ಒದಗಿತು. ಊಟಕ್ಕೆ ತಾಯಿ ಕೈಚೀಲದಲ್ಲಿದ್ದ ಅವಲಕ್ಕಿಯನ್ನೇ ನೆಚ್ಚಿಕೊಂಡರು. ಅಲ್ಲಿ ಇಳಿದಾಗ ಎರಡು ಪೆಟ್ಟಿಗೆಗಳಲ್ಲಿ ಒಂದು ಬಂದಿರಲಿಲ್ಲ. ಮೆಂತ್ಯದ ಹಿಟ್ಟು, ಚಟ್ನಿಪುಡಿ ಹೋದರೆ ಹೋಗಲಿ, ಸ್ವೆಟರು ಮತ್ತು ತಿಂಗಳ ಮಾತ್ರೆಗಳೂ ಅದರಲ್ಲೇ ಇದ್ದವು. ಪೆಟ್ಟಿಗೆ ಐದನೆಯ ದಿನ ಮನೆ ತಲುಪಿತಾದರೂ ಅಷ್ಟರಲ್ಲಿ ತಂಗಿ ಬಟ್ಟೆಗೂ ಔಷಧಿಗೂ ಸಾಕಷ್ಟು ಖರ್ಚು ಮಾಡಿದ್ದಳು. ಈಗ ಟಿಕೆಟ್ ಮಾರಿದವರು ಹಾರಿಸಿದವರನ್ನು ಕೇಳಿ ಎನ್ನುತ್ತಾರೆ, ಹಾರಿಸಿದವರು ಮಾರಿದವರನ್ನು ಕೇಳಿ ಎನ್ನುತ್ತಾರೆ.

ನನ್ನ ಪ್ರಶ್ನೆಗಳು ಇವು. ತನ್ನದಲ್ಲದ ವಿಮಾನಕ್ಕೆ ತನ್ನ ಸಂಖ್ಯೆ ಹಚ್ಚಿ ಮಾರಲು ಸರ್ಕಾರ ಒಪ್ಪಿಗೆ ಕೊಟ್ಟಿದೆಯೇ, ಕೊಟ್ಟಿದ್ದರೆ ಯಾವ ಷರತ್ತಿನ ಮೇಲೆ? ಹೀಗಾದಾಗ ಉತ್ತರ ಹೇಳಬೇಕಾದವರು ಯಾರು? ಇನ್ನೊಂದು, ದುಬೈಯಲ್ಲಿರುವ ನಮ್ಮ ಭಾವನವರು, ಅಲ್ಲಿಗೆ ಎಷ್ಟು ಸೀಟು ಹಾರಬೇಕೆಂಬುದನ್ನು ದೆಹಲಿಯಲ್ಲಿ ಲೆಕ್ಕ ಹಾಕಿ ನಿಗದಿ ಮಾಡುತ್ತಾರೆ, ಡಿಸೆಂಬರಿನಲ್ಲಿ ದರ ಗಗನಕ್ಕೇರುವುದು ಅದಕ್ಕೇ ಎನ್ನುತ್ತಾರೆ. ಹಾರಿಸುವವರು ಸಿದ್ಧ, ಹತ್ತುವವರು ಸಿದ್ಧ ಎಂದಾದ ಮೇಲೆ ಸರ್ಕಾರಕ್ಕೆ ಇದರಲ್ಲಿ ಏನು ಕೆಲಸ?

ಹಳೇ ಟಿಕೆಟ್ ಕೌಂಟರ್

ಮಾನ್ಯರೇ, ಎಚ್‌ಎಎಲ್ ವಿಮಾನ ನಿಲ್ದಾಣವೇ ಬೆಂಗಳೂರಿನ ವಿಮಾನ ನಿಲ್ದಾಣವಾಗಿದ್ದ ಕಾಲದಿಂದ ಟಿಕೆಟ್ ವ್ಯವಹಾರದಲ್ಲಿದ್ದು ನಿವೃತ್ತನಾದವನು ನಾನು. ನಿಮ್ಮ ಮೂರನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದು ತಿಳಿದರೆ ಮೊದಲನೆಯದು ತಾನಾಗಿ ತಿಳಿಯುತ್ತದೆ.

ಶಾಂತಿನಗರದ ನಿಲ್ದಾಣದಿಂದ ಸೇಲಂಗೆ ಹೊರಡುವ ಬಸ್ಸನ್ನು ನೆನೆಯಿರಿ. ನಮ್ಮ ನಿಗಮದ ಬಳಿ ಬಸ್ಸಿದೆ, ಚಾಲಕನಿದ್ದಾನೆ, ಜನರೂ ಇದ್ದಾರೆ ಎಂದಮಾತ್ರಕ್ಕೆ ಅದು ಹೊಸೂರು ದಾಟುವಂತಿಲ್ಲ. ಯಾವ ಮಾರ್ಗದಲ್ಲಿ ಯಾವ ರಾಜ್ಯದ ಬಸ್ಸು ಎಷ್ಟು ಸಲ ಹೋಗಬೇಕೆಂದು ಎರಡು ರಾಜ್ಯಗಳು ಮೊದಲು ಒಪ್ಪಂದ ಮಾಡಿಕೊಳ್ಳುತ್ತವೆ. ಆಕಾಶದಲ್ಲಿಯೂ ಇದೇ ಕಥೆ, ರಾಜ್ಯದ ಜಾಗದಲ್ಲಿ ದೇಶವಿರುತ್ತದೆ ಅಷ್ಟೆ. 1944ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಡಂಬಡಿಕೆಯ ಒಂದನೆಯ ವಿಧಿಯು, ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಸಂಪೂರ್ಣ ಒಡೆಯ ಎನ್ನುತ್ತದೆ. ಆರನೆಯ ವಿಧಿಯು, ವೇಳಾಪಟ್ಟಿಯಿಟ್ಟು ನಡೆಸುವ ಯಾವ ಅಂತರರಾಷ್ಟ್ರೀಯ ವಿಮಾನವೂ ಆ ದೇಶದ ವಿಶೇಷ ಅನುಮತಿಯಿಲ್ಲದೆ ಒಳಗೆ ಬರುವಂತಿಲ್ಲ ಎನ್ನುತ್ತದೆ. ಎಂಬತ್ತು ವರ್ಷ ಕಳೆದರೂ ಈ ಎರಡು ಸಾಲು ಬದಲಾಗಿಲ್ಲ. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಹುಟ್ಟಿ ಸೇವೆಗಳ ವ್ಯಾಪಾರಕ್ಕೆಲ್ಲ ನಿಯಮ ಬರೆದಾಗಲೂ ವಿಮಾನ ಸಂಚಾರದ ಹಕ್ಕನ್ನು ಮಾತ್ರ ಹೊರಗಿಟ್ಟರು.

ಆದ್ದರಿಂದ ಪ್ರತಿ ಎರಡು ದೇಶಗಳ ನಡುವೆ ಒಂದು ವಾಯುಸೇವಾ ಒಪ್ಪಂದ ಬೇಕು. ನಮ್ಮ ವೃತ್ತಿಯಲ್ಲಿ ಇದಕ್ಕೆ ಬೈಲ್ಯಾಟರಲ್ ಎಂದೇ ಹೆಸರು. ಭಾರತಕ್ಕೆ ಇಂಥವು ನೂರಕ್ಕೂ ಹೆಚ್ಚಿವೆ. ಎರಡೂ ಕಡೆಯವರು ಎಷ್ಟು ವಿಮಾನ ಅಥವಾ ಎಷ್ಟು ಆಸನ ಹಾರಿಸಬಹುದು, ಯಾವ ಯಾವ ಊರಿಗೆ ಹೋಗಬಹುದು, ಅಲ್ಲಿಂದ ಮೂರನೆಯ ದೇಶಕ್ಕೆ ಜನರನ್ನು ಹತ್ತಿಸಿಕೊಳ್ಳಬಹುದೇ ಎಂಬುದೆಲ್ಲ ಅದರಲ್ಲಿರುತ್ತದೆ. ನಿಮ್ಮ ಭಾವನವರು ಹೇಳಿದ್ದು ನಿಜ. ಭಾರತ ಮತ್ತು ದುಬೈ ನಡುವಿನ ವ್ಯವಸ್ಥೆಯಲ್ಲಿ ಎರಡೂ ಕಡೆಯವರಿಗೆ ವಾರಕ್ಕೆ ಸುಮಾರು 66,000 ಆಸನಗಳ ಮಿತಿಯಿದೆ. 2014ರಲ್ಲಿ ಕೊನೆಗೆ ಏರಿಸಿದ ಆ ಸಂಖ್ಯೆಯನ್ನು ಮತ್ತೆ ಏರಿಸಿರೆಂದು ದುಬೈ ಕಡೆಯವರು ವರ್ಷಗಳಿಂದ ಬಹಿರಂಗವಾಗಿಯೇ ಕೇಳುತ್ತಿದ್ದಾರೆ. ಮಿತಿ ಇಡೀ ದೇಶಕ್ಕೆ ಸೇರಿದ್ದು ಎಂಬುದನ್ನು ಗಮನಿಸಿ. 2022ರ ಅಕ್ಟೋಬರ್ 14ರಂದು ಎಮಿರೇಟ್ಸ್ ಮೊದಲ ಬಾರಿಗೆ ಬೆಂಗಳೂರಿಗೆ ಎರಡು ಅಂತಸ್ತಿನ ಎ380 ವಿಮಾನ ಇಳಿಸಿದಾಗ ಊರೆಲ್ಲ ಫೋಟೋ ತೆಗೆದದ್ದೇ ತೆಗೆದದ್ದು; ಆದರೆ ಲೆಕ್ಕ ಆಸನದ್ದಾದ್ದರಿಂದ, ಇಲ್ಲಿಗೆ ದೊಡ್ಡ ವಿಮಾನ ಬಂದರೆ ಪಾಲು ಅಷ್ಟು ಬೇಗ ಕರಗುತ್ತದೆ.

ಇನ್ನು ನಿಮ್ಮ ಮೊದಲನೆಯ ಪ್ರಶ್ನೆ. ಒಬ್ಬರು ಹಾರಿಸುವ ವಿಮಾನಕ್ಕೆ ಇನ್ನೊಬ್ಬರು ತಮ್ಮ ಸಂಖ್ಯೆ ಹಚ್ಚಿ ಮಾರುವುದಕ್ಕೆ ಕೋಡ್‌ಶೇರ್ ಎನ್ನುತ್ತಾರೆ; ಅದು ಈ ಒಪ್ಪಂದದೊಳಗೇ ಬರುವ ಒಂದು ಕಲಮು. ಭಾರತ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾಣುವ ಒಕ್ಕಣೆಯ ಸಾರ ಇಷ್ಟು: ವಿಮಾನ ಹಾರಿಸಿದವನ ಆಸನಗಳು ಮಾತ್ರ ಅವನ ದೇಶದ ಪಾಲಿನಲ್ಲಿ ಲೆಕ್ಕಕ್ಕೆ ಬರುತ್ತವೆ, ಅದೇ ವಿಮಾನದಲ್ಲಿ ತನ್ನ ಸಂಖ್ಯೆ ಹಚ್ಚಿ ಮಾರಿದವನ ಆಸನಗಳು ಲೆಕ್ಕಕ್ಕೆ ಬರುವುದಿಲ್ಲ. ಈ ಒಂದು ಸಾಲಿನ ಬಲದಿಂದ ವಿಮಾನವೇ ಇಲ್ಲದ ಊರಿಗೂ ಸಂಸ್ಥೆಗಳು ಟಿಕೆಟ್ ಮಾರುತ್ತವೆ. ಮೊದಲೆಲ್ಲ ಇಂಥ ಪ್ರತಿಯೊಂದು ಏರ್ಪಾಡಿಗೂ ಸಚಿವಾಲಯದ ಪೂರ್ವಾನುಮತಿಗಾಗಿ ಕಡತ ಓಡಾಡಬೇಕಿತ್ತು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಅದನ್ನು ಸಡಿಲಿಸಿತು. ದ್ವಿಪಕ್ಷೀಯ ಒಪ್ಪಂದ ಅವಕಾಶ ಕೊಟ್ಟಿದ್ದರೆ, ಆರಂಭಿಸುವ ಮೂವತ್ತು ದಿನ ಮೊದಲು ಭಾರತೀಯ ಸಂಸ್ಥೆ ಸಚಿವಾಲಯಕ್ಕೆ ತಿಳಿಸಿದರೆ ಸಾಕು. ಹೀಗಾಗಿ ನಿಮಗೆ ಟಿಕೆಟ್ ಮಾರಿದ್ದರಲ್ಲಿ ಕಾನೂನಿನ ದೋಷವಿಲ್ಲ. ಹಾರಿಸುವವರು ಯಾರೆಂಬುದನ್ನು ಕೊಳ್ಳುವ ಮೊದಲೇ ಸ್ಪಷ್ಟವಾಗಿ ಹೇಳಬೇಕು, ಅವರು ಅದನ್ನು ಕಣ್ಣಿಗೆ ಬೀಳದಷ್ಟು ಸಣ್ಣಕ್ಷರದಲ್ಲಿ ಹೇಳಿದ್ದಾರೆ. ನನ್ನ ಆಕ್ಷೇಪ ಆ ಅಕ್ಷರದ ಗಾತ್ರದ ಮೇಲೆ.

ತಾಯಿಯವರ ವೀಲ್‌ಚೇರ್, ಊಟದ ವಿಷಯದಲ್ಲಿ ಒಂದು ವೃತ್ತಿಯ ಗುಟ್ಟು. ಕೋಡ್‌ಶೇರ್ ಟಿಕೆಟ್ಟಿಗೆ ಎರಡು ಪಿಎನ್‌ಆರ್ ಇರುತ್ತವೆ, ಮಾರಿದವರ ಗಣಕದಲ್ಲಿ ಒಂದು, ಹಾರಿಸುವವರ ಗಣಕದಲ್ಲಿ ಇನ್ನೊಂದು. ಒಂದರಲ್ಲಿ ಬರೆದ ಕೋರಿಕೆ ಇನ್ನೊಂದಕ್ಕೆ ದಾಟಬೇಕು. ಹಲವು ಸಲ ದಾಟುವುದಿಲ್ಲ. ಮಾರಿದವರಿಗೆ ಫೋನ್ ಮಾಡಿ ಎರಡನೆಯ ಪಿಎನ್‌ಆರ್ ಕೇಳಿ ಪಡೆದು, ಹಾರಿಸುವ ಸಂಸ್ಥೆಯ ಜಾಲತಾಣದಲ್ಲಿ ಅದನ್ನು ತೆರೆದು ನೀವೇ ನೋಡಬೇಕು. ಊಟಕ್ಕೆ ‘ಎವಿಎಂಎಲ್’ ಎಂದಿದ್ದರೆ ನಮ್ಮ ಕಡೆಯ ಮಸಾಲೆಯ ಸಸ್ಯಾಹಾರ ಎಂದರ್ಥ, ಈರುಳ್ಳಿ ಇರುತ್ತದೆ. ತಾಯಿಯವರಿಗೆ ಬೇಕಾದದ್ದು ‘ವಿಜೆಎಂಎಲ್’, ಜೈನ ಊಟ.

ರನ್‌ವೇ ಪಕ್ಕದವನು

ಹಿರಿಯರು ವಿವರಿಸಿದ ರೀತಿಗೆ ವಂದನೆಗಳು. ಆದರೆ ಅವರ ಮಾತಿನ ಧಾಟಿಯಲ್ಲಿ, ಮಿತಿಯೊಂದನ್ನು ತೆಗೆದರೆ ಎಲ್ಲ ಸರಿಹೋಗುತ್ತದೆಂಬ ಸೂಚನೆ ಕಂಡದ್ದರಿಂದ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ.

ದುಬೈಗೆ ಹೋಗುವ ವಿಮಾನದಲ್ಲಿ ಕುಳಿತವರೆಲ್ಲ ದುಬೈಯಲ್ಲಿ ಇಳಿದು ಮನೆಗೆ ಹೋಗುವವರಲ್ಲ. ಅದರಲ್ಲಿ ದೊಡ್ಡ ಪಾಲು ಅಲ್ಲಿ ವಿಮಾನ ಬದಲಿಸಿ ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗುವವರದು. ತನ್ನ ದೇಶವನ್ನು ನಡುಮನೆ ಮಾಡಿಕೊಂಡು ಒಂದು ಬಾಗಿಲಿನಿಂದ ಕರೆತಂದವರನ್ನು ಇನ್ನೊಂದು ಬಾಗಿಲಿನಿಂದ ಕಳುಹಿಸುವ ಈ ವ್ಯವಹಾರಕ್ಕೆ ವಿಮಾನಯಾನದ ಪರಿಭಾಷೆಯಲ್ಲಿ ಆರನೆಯ ಸ್ವಾತಂತ್ರ್ಯ ಎನ್ನುತ್ತಾರೆ. ಬೆಂಗಳೂರಿನ ಎಲ್ಲ ಪ್ರಯಾಣಿಕರನ್ನೂ ಕೊಲ್ಲಿಯ ಮೂರು ನಗರಗಳೇ ಹೀರಿಕೊಂಡರೆ, ಇಲ್ಲಿಂದ ನೇರವಾಗಿ ದೂರದ ಊರಿಗೆ ಹಾರುವ ಸಾಹಸ ಯಾರು ಮಾಡುತ್ತಾರೆ? 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ಸೇವೆ ಆರಂಭಿಸಿತು. ಮೊದಲ ಹಾರಾಟದ ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಮಹಿಳೆಯರು, ದೂರ ಸುಮಾರು 14,000 ಕಿಲೋಮೀಟರ್. ಅಂಥ ಮಾರ್ಗ ಉಳಿಯಬೇಕಾದರೆ ಅದಕ್ಕೆ ಪ್ರಯಾಣಿಕರು ಉಳಿಯಬೇಕು.

ಇನ್ನು 2013ನ್ನು ಮರೆಯಬಾರದು. ಆ ವರ್ಷ ಅಬುಧಾಬಿಯ ಎತಿಹಾದ್ ವಿಮಾನ ಸಂಸ್ಥೆ ಜೆಟ್ ಏರ್‌ವೇಸ್‌ನಲ್ಲಿ ಶೇಕಡಾ 24ರಷ್ಟು ಪಾಲನ್ನು ಸುಮಾರು 2,058 ಕೋಟಿ ರೂಪಾಯಿಗೆ ಕೊಳ್ಳುವ ಮಾತುಕತೆಯ ಹೊತ್ತಿನಲ್ಲೇ ಅಬುಧಾಬಿಗೆ ವಾರಕ್ಕೆ 36,670 ಆಸನಗಳನ್ನು ಹೆಚ್ಚುವರಿಯಾಗಿ ಕೊಡಲಾಯಿತು. ಆಗ ಸಂಸತ್ತಿನಲ್ಲೂ ನ್ಯಾಯಾಲಯದಲ್ಲೂ ಪ್ರಶ್ನೆಗಳೆದ್ದವು. ಜೆಟ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಕೊಟ್ಟ ಆಸನಗಳು ಕೊಟ್ಟ ಹಾಗೆಯೇ ಉಳಿದವು. ಒಮ್ಮೆ ಬರೆದುಕೊಟ್ಟ ಸಂಚಾರ ಹಕ್ಕನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಸರ್ಕಾರ ಜಿಪುಣತನ ತೋರಿಸುವುದಕ್ಕೆ ಈ ಕಾರಣವೂ ಇದೆ.

ಹಳೇ ಟಿಕೆಟ್ ಕೌಂಟರ್

ರನ್‌ವೇ ಪಕ್ಕದವರೇ, ಅಬುಧಾಬಿಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಉದಾಹರಣೆ ನಿಮ್ಮ ವಾದಕ್ಕೆ ನೆರವಾಗುವುದಿಲ್ಲ.

ಅಮೆರಿಕದ ಜೊತೆ ಭಾರತ 2005ರ ಏಪ್ರಿಲಿನಲ್ಲೇ ಮುಕ್ತ ಆಕಾಶ ಒಪ್ಪಂದಕ್ಕೆ ಸಹಿ ಹಾಕಿದೆ. ಅಲ್ಲಿ ಆಸನದ ಮಿತಿಯಿಲ್ಲ, ಊರಿನ ಪಟ್ಟಿಯಿಲ್ಲ. ಹಾಗಿದ್ದರೂ ಬೆಂಗಳೂರಿಗೆ ಅಮೆರಿಕದ ಸಂಸ್ಥೆಗಳ ವಿಮಾನ ಎಷ್ಟು ಬಂದವು? ಅಮೆರಿಕನ್ ಏರ್‌ಲೈನ್ಸ್ 2020ರಲ್ಲಿ ಸಿಯಾಟಲ್‌ನಿಂದಲೂ, ಯುನೈಟೆಡ್ 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದಲೂ ಬೆಂಗಳೂರಿಗೆ ಹಾರುವುದಾಗಿ ಘೋಷಿಸಿದವು. ಕೋವಿಡ್ ಬಂತು, ದಿನಾಂಕ ಮುಂದೆ ಹೋಯಿತು, ಕೊನೆಗೆ ಎರಡೂ ಬರಲಿಲ್ಲ. ಒಪ್ಪಂದ ತಡೆದದ್ದಲ್ಲ, ಲೆಕ್ಕ ಕೂಡಿಬರಲಿಲ್ಲ. ಆದ್ದರಿಂದ “ನಮ್ಮ ಊರಿನಿಂದ ಇಂಥಲ್ಲಿಗೆ ಏಕೆ ವಿಮಾನವಿಲ್ಲ” ಎಂದು ಯಾರಾದರೂ ಕೇಳಿದರೆ, ಅದು ಸರ್ಕಾರದ ಬಾಗಿಲು ಮುಚ್ಚಿದ್ದರಿಂದಲೋ ಅಥವಾ ಬಾಗಿಲು ತೆರೆದಿದ್ದರೂ ಹೊಕ್ಕುವವರಿಲ್ಲದ್ದರಿಂದಲೋ ಎಂದು ಮೊದಲು ಬಿಡಿಸಿಕೊಳ್ಳಬೇಕು. ಈ ಎರಡನ್ನು ಒಂದೇ ಚೀಲಕ್ಕೆ ತುಂಬಿ ಮಾತನಾಡುವುದೇ ನಮ್ಮ ಊರಿನ ಚರ್ಚೆಗಳ ದೊಡ್ಡ ತೊಡಕು.

2016ರ ನೀತಿಯು ದೆಹಲಿಯನ್ನು ಕೇಂದ್ರವಾಗಿಟ್ಟು 5,000 ಕಿಲೋಮೀಟರ್ ತ್ರಿಜ್ಯದ ಒಂದು ವೃತ್ತ ಎಳೆಯಿತು. ಅದರಾಚೆಯ ದೇಶಗಳಿಗೆ ಮತ್ತು ಸಾರ್ಕ್ ದೇಶಗಳಿಗೆ ಪರಸ್ಪರ ಸಮಾನತೆಯ ಮೇಲೆ ಮುಕ್ತ ಆಕಾಶ, ಒಳಗಿನವರಿಗೆ ಅಳತೆ. ದುಬೈ, ದೋಹಾ, ಸಿಂಗಪುರ ಎಲ್ಲವೂ ವೃತ್ತದ ಒಳಗೆ ಬೀಳುತ್ತವೆ, ಬೆಂಗಳೂರಿನವರು ಹೆಚ್ಚು ಬಳಸುವ ಬಾಗಿಲುಗಳೂ ಅವೇ. ಒಳಗಿನವರಿಗೆ ಹೆಚ್ಚು ಕೊಡಬೇಕಾದರೆ ಭಾರತೀಯ ಸಂಸ್ಥೆಗಳು ತಮ್ಮ ಪಾಲಿನ ಶೇಕಡಾ 80ರಷ್ಟನ್ನು ಬಳಸಿರಬೇಕೆಂಬುದು ಒಂದು ಮಾನದಂಡ. ಬಳಸದಿದ್ದರೂ ವಿದೇಶದವರ ಪಾಲು ಮುಗಿದಿದ್ದರೆ ಏನು ಮಾಡಬೇಕೆಂಬುದನ್ನು ಸಂಪುಟ ಕಾರ್ಯದರ್ಶಿಯ ನೇತೃತ್ವದ ಸಮಿತಿಯ ಶಿಫಾರಸಿಗೆ ಬಿಟ್ಟರು.

ಈಗ ಇದರ ಪಕ್ಕದಲ್ಲಿ ಕೋಡ್‌ಶೇರನ್ನು ಇಟ್ಟು ನೋಡಿ. ಭಾರತೀಯ ಸಂಸ್ಥೆಯೊಂದು ಸ್ವಂತ ವಿಮಾನ ಹಾರಿಸದೆ ವಿದೇಶಿ ಸಂಗಾತಿಯ ವಿಮಾನದಲ್ಲಿ ತನ್ನ ಸಂಖ್ಯೆ ಮಾರಿದರೆ, ಅದಕ್ಕೆ ವ್ಯಾಪಾರವೂ ಆಗುತ್ತದೆ, ದೇಶದ ಪಾಲು ಖರ್ಚಾಗದೆಯೂ ಉಳಿಯುತ್ತದೆ. ಖರ್ಚಾಗದ ಪಾಲನ್ನು ತೋರಿಸಿ, ನಮ್ಮವರೇ ಇನ್ನೂ ಬಳಸಿಲ್ಲ, ನಿಮಗೇಕೆ ಹೆಚ್ಚು ಕೊಡಬೇಕು ಎಂದು ಹೊರಗಿನವರಿಗೆ ಹೇಳುವುದಕ್ಕೂ ಬರುತ್ತದೆ. ಯಾರೂ ಬೇಕೆಂದೇ ಹೀಗೆ ಹೂಡಿದರೆಂದು ನಾನು ಹೇಳುತ್ತಿಲ್ಲ. ನಿಯಮಗಳನ್ನು ಬೇರೆ ಬೇರೆ ಮೇಜಿನಲ್ಲಿ ಬರೆದಾಗ ನಡುವೆ ಇಂಥ ಸಂದುಗಳು ಉಳಿಯುತ್ತವೆ. ನಮ್ಮ ಸಂಸ್ಥೆಗಳ ಬಳಿ ಅಗಲ ಒಡಲಿನ ವಿಮಾನಗಳೇ ಸಾಕಷ್ಟಿಲ್ಲ ಎಂಬುದೂ ನಿಜ; ಇಂಡಿಗೋ ಮೊದಲ ಬಾರಿಗೆ 30 ಎ350 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದೇ 2024ರ ಏಪ್ರಿಲಿನಲ್ಲಿ. ಅವು ಬರುವವರೆಗೆ ಹೆಚ್ಚಿನ ದರ ಕೊಡುವವರು ನಿಮ್ಮ ಭಾವನಂಥವರು.

ಮಡಿಕೇರಿಯಿಂದ

ಸಂಬಂಧಪಟ್ಟ ಸಣ್ಣ ಸಂಗತಿಯೊಂದನ್ನು ಸೇರಿಸುತ್ತೇನೆ. ಆಸನಗಳ ಸಂಖ್ಯೆಯ ಜೊತೆಗೆ ಊರುಗಳ ಪಟ್ಟಿಯೂ ಒಪ್ಪಂದದಲ್ಲಿರುತ್ತದೆಂದು ಹಿರಿಯರು ಒಂದೇ ಮಾತಿನಲ್ಲಿ ದಾಟಿದರು. ನಾವು ಕೊಡಗಿನ ದಕ್ಷಿಣ ಭಾಗದವರಿಗೆ ದೇವನಹಳ್ಳಿಗಿಂತ ಕಣ್ಣೂರು ಎಷ್ಟೋ ಹತ್ತಿರ. 2018ರ ಡಿಸೆಂಬರ್ 9ರಂದು ಅಲ್ಲಿ ವಿಮಾನ ನಿಲ್ದಾಣ ತೆರೆದಾಗ ರನ್‌ವೇ 3,050 ಮೀಟರ್, ಸುಂಕ ಮತ್ತು ವಲಸೆ ವಿಭಾಗದ ಕೌಂಟರುಗಳು ಸಿದ್ಧ, ಹೆಸರೇ ಅಂತರರಾಷ್ಟ್ರೀಯ. ಆದರೆ ವಿದೇಶಿ ಸಂಸ್ಥೆಗಳು ಇಳಿಯಬಹುದಾದ ಊರುಗಳ ಪಟ್ಟಿಗೆ ಕಣ್ಣೂರನ್ನು ಸೇರಿಸಲು ಕೇಂದ್ರ ಒಪ್ಪಲಿಲ್ಲ. ಅಲ್ಲಿಂದ ಕೊಲ್ಲಿಗೆ ಹಾರುವುದು ಭಾರತೀಯ ಸಂಸ್ಥೆಗಳು ಮಾತ್ರ. 2023ರ ಮೇ ತಿಂಗಳಲ್ಲಿ ಅವುಗಳಲ್ಲೊಂದಾದ ಗೋ ಫಸ್ಟ್ ನಿಂತುಹೋದಾಗ ಅಷ್ಟು ಸೇವೆಯೂ ಕಡಿಮೆಯಾಯಿತು. ಕಟ್ಟಡ ಕಟ್ಟಿದ ಮಾತ್ರಕ್ಕೆ ಊರು ಆಕಾಶದ ನಕ್ಷೆಯಲ್ಲಿ ಬರುವುದಿಲ್ಲ ಎಂಬುದು ನಮಗೆ ಆಗ ತಿಳಿಯಿತು. ಬೆಂಗಳೂರಿನವರು ಆ ಪಟ್ಟಿಯಲ್ಲಿ ಎಂದಿನಿಂದಲೋ ಇದ್ದಾರೆ; ಹಾಗಾಗಿ ಅವರಿಗೆ ಆಸನದ ಚಿಂತೆ ಮಾತ್ರ.

ಗ್ರಾಹಕ ವ್ಯಾಜ್ಯಗಳ ವಕೀಲೆ

ಪ್ರಶ್ನೆ ಕೇಳಿದವರ ಎರಡನೆಯ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ. ಚರ್ಚೆ ದೊಡ್ಡದಾಗುವಷ್ಟರಲ್ಲಿ ಅವರ ಅವಧಿ ಮೀರಿಹೋಗಬಾರದೆಂದು ಬರೆಯುತ್ತಿದ್ದೇನೆ.

ನೀವು ಯಾರನ್ನು ಬೇಕಾದರೂ ಕೇಳಬಹುದು, ಇಬ್ಬರನ್ನೂ ಒಟ್ಟಿಗೆ ಕೇಳಬಹುದು. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಹೊಣೆಗಾರಿಕೆಯನ್ನು 1999ರ ಮಾಂಟ್ರಿಯಲ್ ಒಡಂಬಡಿಕೆ ನಿರ್ಧರಿಸುತ್ತದೆ. ಭಾರತ ಅದನ್ನು 2009ರಲ್ಲಿ ಒಪ್ಪಿಕೊಂಡಿದೆ, ಸ್ವೀಡನ್ನೂ ಅದರಲ್ಲಿದೆ. ಅದರ ಐದನೆಯ ಅಧ್ಯಾಯವನ್ನು ನಿಮ್ಮಂಥವರಿಗಾಗಿಯೇ ಬರೆದಂತಿದೆ. ಟಿಕೆಟ್ ಕೊಟ್ಟು ಕರಾರು ಮಾಡಿಕೊಂಡವರನ್ನು ಕರಾರಿನ ವಾಹಕರೆಂದೂ, ನಿಜವಾಗಿ ಹಾರಿಸಿದವರನ್ನು ವಾಸ್ತವಿಕ ವಾಹಕರೆಂದೂ ಅದು ಕರೆಯುತ್ತದೆ. ಮೊದಲನೆಯವರು ಇಡೀ ಪ್ರಯಾಣಕ್ಕೆ ಹೊಣೆ, ಎರಡನೆಯವರು ತಾವು ಹಾರಿಸಿದ ಭಾಗಕ್ಕೆ ಹೊಣೆ. ಇದಕ್ಕಿಂತ ಮುಖ್ಯವಾದದ್ದು 42ನೆಯ ವಿಧಿ: ದೂರನ್ನು ಇಬ್ಬರಲ್ಲಿ ಯಾರಿಗೆ ಕೊಟ್ಟರೂ ಅದರ ಪರಿಣಾಮ ಒಂದೇ. ಹೀಗಾಗಿ “ಅವರನ್ನು ಕೇಳಿ” ಎಂಬ ಉತ್ತರಕ್ಕೆ ಕಾನೂನಿನ ಬೆಂಬಲವಿಲ್ಲ.

ಅವಧಿಯನ್ನು ಮಾತ್ರ ಬಿಗಿಯಾಗಿ ಹಿಡಿಯಿರಿ. ಸಾಮಾನು ತಡವಾಗಿ ಬಂದಿದ್ದರೆ, ಅದು ನಿಮ್ಮ ಕೈಗೆ ಸೇರಿದ ದಿನದಿಂದ 21 ದಿನಗಳ ಒಳಗೆ ಲಿಖಿತ ದೂರು ಕೊಡಬೇಕು. ಹಾನಿಯಾಗಿದ್ದರೆ ಏಳೇ ದಿನ. ವಿಮಾನ ನಿಲ್ದಾಣದಲ್ಲಿ ತಂಗಿಯವರು ಬರೆಸಿದ ಸಾಮಾನು ವರದಿಯೊಂದೇ ಸಾಲದೆಂದು ಸಂಸ್ಥೆಗಳು ವಾದಿಸುವುದುಂಟು, ಆದ್ದರಿಂದ ಇಮೇಲ್ ಬೇರೆಯಾಗಿ ಕಳುಹಿಸಿ. ದಾವೆಗೆ ಎರಡು ವರ್ಷದ ಮಿತಿ. ಸಾಮಾನಿನ ಪರಿಹಾರದ ಪರಮಾವಧಿಯನ್ನು ಒಡಂಬಡಿಕೆಯಡಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್‌ಗೆ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ) ಏರಿಸಲಾಗಿದೆ, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೀರುತ್ತದೆ. ಅದು ಮೇಲ್ಮಿತಿ, ನಿಮಗೆ ಸಿಗುವುದು ನೀವು ರಸೀದಿ ತೋರಿಸಿದಷ್ಟು. ಸ್ವೆಟರಿನ ರಸೀದಿ, ಔಷಧಿಯ ರಸೀದಿ, ಪೆಟ್ಟಿಗೆಯ ಟ್ಯಾಗಿನ ಅರ್ಧ ಚೀಟಿ, ಬೋರ್ಡಿಂಗ್ ಪಾಸ್ ಇವುಗಳನ್ನು ಎಸೆಯಬೇಡಿರೆಂದು ತಂಗಿಯವರಿಗೆ ಇವತ್ತೇ ಹೇಳಿ. ಮೊದಲು ಸಂಸ್ಥೆಗೆ, ಆಮೇಲೆ ಸಚಿವಾಲಯದ ಏರ್‌ಸೇವಾ ಜಾಲತಾಣಕ್ಕೆ, ಅಲ್ಲಿಯೂ ಆಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿದೆ.

ಹಾರಿಸಿದವರು ಯಾರೆಂಬುದು ಇನ್ನೊಂದು ಕಡೆಯೂ ಮುಖ್ಯವಾಗುತ್ತದೆ, ಹೆಚ್ಚಿನವರಿಗೆ ಇದು ತಿಳಿದಿಲ್ಲ. ಯುರೋಪಿಯನ್ ಒಕ್ಕೂಟದ 261/2004 ಸಂಖ್ಯೆಯ ನಿಯಮವು ವಿಮಾನ ರದ್ದಾದಾಗ ಅಥವಾ ಬಹಳ ತಡವಾದಾಗ ದೂರದ ಪ್ರಯಾಣಗಳಿಗೆ 600 ಯೂರೋವರೆಗೆ ಪರಿಹಾರ ಕೊಡಿಸುತ್ತದೆ. ಅಲ್ಲಿಂದ ಹೊರಡುವ ಎಲ್ಲ ವಿಮಾನಗಳಿಗೂ ಅದು ಅನ್ವಯ; ಹೊರಗಿನಿಂದ ಅಲ್ಲಿಗೆ ಹೋಗುವಾಗ, ಹಾರಿಸುವ ಸಂಸ್ಥೆ ಒಕ್ಕೂಟದ್ದಾಗಿದ್ದರೆ ಮಾತ್ರ. ನಿಮ್ಮ ತಾಯಿಯವರ ಟಿಕೆಟ್ಟಿನಲ್ಲಿದ್ದದ್ದು ಭಾರತೀಯ ಸಂಖ್ಯೆ, ಆದರೆ ಹಾರಿಸಿದವರು ಒಕ್ಕೂಟದ ಸಂಸ್ಥೆಯಾಗಿದ್ದರೆ ಬೆಂಗಳೂರಿನಿಂದ ಹೋಗುವಾಗಲೂ ಆ ರಕ್ಷಣೆ ಇತ್ತು. ತಿರುಗಾಮುರುಗಾ ಆಗಿ, ಯುರೋಪಿನ ಸಂಖ್ಯೆ ನೋಡಿ ಹೆಚ್ಚು ಹಣ ಕೊಟ್ಟು, ಭಾರತೀಯ ಸಂಸ್ಥೆಯ ವಿಮಾನದಲ್ಲಿ ಇಲ್ಲಿಂದ ಹೊರಟವರಿಗೆ ಅದು ಇರುವುದಿಲ್ಲ. 2019ರಲ್ಲಿ ಒಕ್ಕೂಟದ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ ಪ್ರಾಗ್‌ನಿಂದ ಅಬುಧಾಬಿ ಮೂಲಕ ಬ್ಯಾಂಕಾಕ್‌ಗೆ ಹೊರಟವರಿಗೆ ಎರಡನೆಯ ಹಂತದಲ್ಲಿ ತಡವಾಗಿತ್ತು. ಆ ಹಂತವನ್ನು ಹಾರಿಸಿದ್ದು ಕೋಡ್‌ಶೇರ್ ಸಂಗಾತಿ. ಆದರೂ ಒಂದೇ ಬುಕಿಂಗ್ ಆದ್ದರಿಂದ, ಪ್ರಾಗ್‌ನಿಂದ ಮೊದಲ ಹಂತ ಹಾರಿಸಿದ ಜೆಕ್ ಸಂಸ್ಥೆಯೇ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ನಿಮ್ಮ ಪೆಟ್ಟಿಗೆಯ ವಿಷಯ ಈ ನಿಯಮದಡಿ ಬರುವುದಿಲ್ಲ, ಅದು ಮಾಂಟ್ರಿಯಲ್‌ನದೇ.

ರನ್‌ವೇ ಪಕ್ಕದವನು

ವಕೀಲೆಯವರ ಮಾತಿಗೆ ಪೂರಕವಾಗಿ: ಸಂಖ್ಯೆ ಹಚ್ಚುವುದು ಬರಿಯ ಮಾರಾಟದ ವಿಷಯವೆಂದು ಸರ್ಕಾರಗಳೂ ಭಾವಿಸುವುದಿಲ್ಲ. 2014ರ ಜನವರಿ 31ರಂದು ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ, ನಮ್ಮ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಸುರಕ್ಷತಾ ಮೇಲ್ವಿಚಾರಣೆ ಅಂತರರಾಷ್ಟ್ರೀಯ ಮಟ್ಟಕ್ಕೆ ಸಾಲದೆಂದು ಭಾರತವನ್ನು ಎರಡನೆಯ ವರ್ಗಕ್ಕೆ ಇಳಿಸಿತು. ಮರುವರ್ಷ ಏಪ್ರಿಲ್ 8ರಂದು ಮೊದಲ ವರ್ಗ ಮರಳುವವರೆಗೆ ನಮ್ಮ ಸಂಸ್ಥೆಗಳು ಅಮೆರಿಕಕ್ಕೆ ಹೊಸ ಸೇವೆ ಆರಂಭಿಸುವಂತಿರಲಿಲ್ಲ, ಅಮೆರಿಕದ ಸಂಸ್ಥೆಗಳು ಭಾರತೀಯ ವಿಮಾನಗಳ ಮೇಲೆ ತಮ್ಮ ಸಂಖ್ಯೆ ಹಚ್ಚುವಂತಿರಲಿಲ್ಲ. ಮುಕ್ತ ಆಕಾಶ ಒಪ್ಪಂದ ಆಗಲೂ ಇತ್ತು. ಹಕ್ಕು ಕೈಯಲ್ಲಿದ್ದರೂ ಬಳಸಲಾಗದ ಹದಿನಾಲ್ಕು ತಿಂಗಳು ಅವು.

ಹಿರಿಯರಿಗೆ ಒಂದು ಮಾತು. ಬಳಸದ ಪಾಲಿನ ಬಗ್ಗೆ ನೀವು ತೋರಿಸಿದ ಸಂದನ್ನು ನಾನು ಯೋಚಿಸಿರಲಿಲ್ಲ, ಒಪ್ಪುತ್ತೇನೆ. ಮಿತಿಯನ್ನು ಒಮ್ಮೆಲೇ ತೆಗೆಯಬೇಕೆಂಬುದನ್ನು ಈಗಲೂ ಒಪ್ಪುವುದಿಲ್ಲ.

ಹಳೇ ಟಿಕೆಟ್ ಕೌಂಟರ್

ಒಮ್ಮೆಲೇ ತೆಗೆಯಿರೆಂದು ನಾನೂ ಹೇಳಿಲ್ಲ. ಯಾವ ದೇಶದ ಪಾಲು ಎಷ್ಟು, ಅದರಲ್ಲಿ ಎಷ್ಟು ಬಳಕೆಯಾಗಿದೆ, ಯಾವ ಊರಿನಿಂದ, ಎಂಬುದನ್ನು ರೈಲ್ವೆ ವೇಳಾಪಟ್ಟಿಯಷ್ಟು ಸುಲಭವಾಗಿ ಓದುವಂತೆ ಪ್ರತಿ ಹಂಗಾಮಿಗೂ ಪ್ರಕಟಿಸಲಿ, ಅಲ್ಲಿಂದ ನಮ್ಮ ಜಗಳ ಮುಂದುವರಿಯಲಿ.

ಬಸವನಗುಡಿ ನಿವಾಸಿ

ಎಲ್ಲರಿಗೂ ಋಣಿ. ಪೆಟ್ಟಿಗೆ ತಲುಪಿ ಇವತ್ತಿಗೆ ಹದಿನೇಳು ದಿನವಾಗಿತ್ತು. ವಕೀಲೆಯವರ ಉತ್ತರ ನೋಡಿದ ರಾತ್ರಿಯೇ ಎರಡೂ ಸಂಸ್ಥೆಗಳಿಗೆ ಒಂದೇ ಇಮೇಲಿನಲ್ಲಿ, 42ನೆಯ ವಿಧಿಯನ್ನು ಉಲ್ಲೇಖಿಸಿ, ರಸೀದಿಗಳ ಚಿತ್ರ ಲಗತ್ತಿಸಿ ದೂರು ಕಳುಹಿಸಿದೆ. ಟಿಕೆಟ್ ಮಾರಿದವರಿಂದ ಬೆಳಿಗ್ಗೆಯೇ ದೂರಿನ ಸಂಖ್ಯೆ ಬಂದಿದೆ, ಇನ್ನೊಬ್ಬರಿಂದ ಇನ್ನೂ ಇಲ್ಲ.

ತಾಯಿಯವರು ಮುಂದಿನ ತಿಂಗಳು ಮರಳುತ್ತಾರೆ. ಫೋನಿನಲ್ಲಿ ಇಪ್ಪತ್ತು ನಿಮಿಷ ಕಾದು ಎರಡನೆಯ ಪಿಎನ್‌ಆರ್ ಪಡೆದೆ. ಹಿರಿಯರು ಹೇಳಿದಂತೆಯೇ ಆಗಿತ್ತು: ವೀಲ್‌ಚೇರಿನ ಕಾಲಂ ಖಾಲಿ, ಊಟದ ಕಾಲಂನಲ್ಲಿ ಏನೂ ಇಲ್ಲ. ಎರಡನ್ನೂ ತುಂಬಿದ್ದೇನೆ. ಜೈನ ಊಟವೆಂದು ಬರೆಸಿರುವುದನ್ನು ತಾಯಿಗೆ ತಿಳಿಸಿದರೆ, “ಇರಲಿ, ಅವಲಕ್ಕಿಯನ್ನೂ ಕಟ್ಟಿಕೊಂಡೇ ಬರುತ್ತೇನೆ” ಎಂದರು.